ಸಹಿ ಇಲ್ಲದ ವ್ಯವಹಾರ, ತಪ್ಪದ ಲೆಕ್ಕ

ಸ್ಪಾಟಿಫೈನಲ್ಲಿ ಒಂದು ಹಾಡು ವರ್ಷಕ್ಕೆ ಸಾವಿರ ಸಲವಾದರೂ ಕೇಳುಗರನ್ನು ಮುಟ್ಟದಿದ್ದರೆ ಹಾಡಿದವರಿಗೆ ಬಿಡಿಗಾಸೂ ಇಲ್ಲ. 2024ರಲ್ಲಿ ಜಾರಿಗೆ ಬಂದ ನಿಯಮವಿದು. ಅಷ್ಟು ಚಿಲ್ಲರೆ ದುಡ್ಡು ಬ್ಯಾಂಕು, ವಿತರಕರ ಶುಲ್ಕಗಳನ್ನು ದಾಟಿ ಕಲಾವಿದರ ಕೈ ಸೇರುವುದೇ ಇಲ್ಲ ಎಂಬುದು ಕಂಪನಿ ಕೊಡುವ ಕಾರಣ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ 1980ರಲ್ಲಿ ಕೆಲವು ಹುಡುಗರು ಶುರು ಮಾಡಿದ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯ ಚೊಚ್ಚಲ ರೆಕಾರ್ಡಿನ ಮೊದಲ ಮುದ್ರಣವೇ ಒಂದು ಸಾವಿರ ಪ್ರತಿ. ಇವತ್ತಿನ ಲೆಕ್ಕದಲ್ಲಿ ಗಣನೆಯ ಅಂಚಿಗಷ್ಟೇ ಬರುವ ಆ ಗಾತ್ರದಿಂದ ಹೊರಟ ಕಂಪನಿ ನಲವತ್ತು ವರ್ಷ ದಾಟಿಯೂ ನಡೆಯುತ್ತಿದೆ. ಅದರ ಆದರ್ಶವನ್ನು ಹೊಗಳಿ ಬರೆದವರು ಬಹಳ. ಹೊಗಳಬೇಕಾದದ್ದು ಅದರ ಲೆಕ್ಕಾಚಾರವನ್ನು.

ಟೀನ್ ಐಡಲ್ಸ್ ಎಂಬ ಪಂಕ್ ತಂಡ ಸುಮಾರು ಒಂದು ವರ್ಷ ನುಡಿಸಿ ಒಡೆಯಿತು. ಕಾರ್ಯಕ್ರಮಗಳಿಂದ ಬಂದ ಹಣ ಸುಮಾರು 600 ಡಾಲರ್ ಉಳಿದಿತ್ತು. ನಾಲ್ವರು ಹಂಚಿಕೊಂಡಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಹಾಗೆ ಮಾಡದೆ, ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಎಂಟು ಹಾಡುಗಳನ್ನು ಏಳು ಇಂಚಿನ ಒಂದು ತಟ್ಟೆಯಾಗಿ ತರಲು ಆ ಹಣ ಹಾಕಿದರು. ಇಯಾನ್ ಮೆಕಾಯ್, ಜೆಫ್ ನೆಲ್ಸನ್ ಮತ್ತು ನೇಥನ್ ಸ್ಟ್ರೆಜ್ಸೆಕ್ ಇದರ ಹಿಂದಿದ್ದವರು. ರೆಕಾರ್ಡಿನ ಹೊದಿಕೆ ಮಾಡಿಸುವುದು ಹೇಗೆಂದು ಗೊತ್ತಿರಲಿಲ್ಲ. ಮನೆಯಲ್ಲಿದ್ದ ಇನ್ನೊಂದು ರೆಕಾರ್ಡಿನ ಹೊದಿಕೆಯ ಅಂಟು ಬಿಡಿಸಿ, ಅದರ ಅಳತೆ ಹಿಡಿದು, ಕಾಗದ ಅಚ್ಚು ಹಾಕಿಸಿ, ಕತ್ತರಿ ಹಿಡಿದು ಕೂತರು. ಕತ್ತರಿಸುವುದು, ಮಡಚುವುದು, ಅಂಟಿಸುವುದು ಎಲ್ಲ ಕೈಯಲ್ಲೇ. ಆ ತಟ್ಟೆ ಮಾರಿ ಬಂದ ಹಣ ಗೆಳೆಯರ ಬೇರೆ ತಂಡಗಳ ಹಾಡುಗಳಿಗೆ ಹೋಯಿತು. ಪೊಟೋಮ್ಯಾಕ್ ನದಿಯಾಚೆ ಆರ್ಲಿಂಗ್ಟನ್‌ನಲ್ಲಿ ಹಿಡಿದ ಬಾಡಿಗೆ ಮನೆಯೇ ಕಚೇರಿ, ಗೋದಾಮು, ವಸತಿ ಎಲ್ಲವೂ ಆಯಿತು.

ದೊಡ್ಡ ಕಂಪನಿಗಳ ದಾರಿ ಬೇರೆ. ಅವು ತಂಡಕ್ಕೆ ಮುಂಗಡ ಕೊಡುತ್ತವೆ. ಸ್ಟುಡಿಯೋ ಖರ್ಚು, ವಿಡಿಯೋ ವೆಚ್ಚದ ಬಹುಭಾಗ, ಪ್ರವಾಸಕ್ಕೆ ಕೊಟ್ಟ ಹಣ ಎಲ್ಲವೂ ತಂಡದ ಪಾಲಿನ ರಾಯಧನದಿಂದ ಮುರಿದುಕೊಳ್ಳುವ ಸಾಲ. ಸಾಲ ತೀರುವ ಹೊತ್ತಿಗೆ ಕಂಪನಿ ಎಂದೋ ಲಾಭ ಕಂಡಿರುತ್ತದೆ, ತಂಡದ ಕೈ ಖಾಲಿ. ಷಿಕಾಗೋದ ಧ್ವನಿಮುದ್ರಣಕಾರ ಸ್ಟೀವ್ ಅಲ್ಬಿನಿ 1993ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇಂಥ ಒಪ್ಪಂದದ ಜಮಾಖರ್ಚನ್ನು ಸಾಲು ಸಾಲಾಗಿ ಹಾಕಿ ತೋರಿಸಿದ್ದ. ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದರೂ ಅಂಥ ತಂಡದ ಹುಡುಗರು ಇದಕ್ಕಿಂತ ಹೆಚ್ಚು ದುಡಿಯುತ್ತಿದ್ದರು ಎಂಬುದು ಅದರ ಫಲಿತಾಂಶ.

ಡಿಸ್ಕಾರ್ಡ್ ಕಾಗದಕ್ಕೆ ಸಹಿ ಹಾಕಿಸಲೇ ಇಲ್ಲ. ಖರ್ಚು ಕಳೆದು ಉಳಿದ ಲಾಭದಲ್ಲಿ ತಂಡಕ್ಕೆ ಪಾಲು, ಅಷ್ಟೆ. ಇದನ್ನು ನಂಬಿಕೆಯ ಮಹಿಮೆ ಎಂದು ಕೊಂಡಾಡುವವರು ಇದೇ ಹಾದಿ ಹಿಡಿದ ಬೇರೆ ಎರಡು ಕಂಪನಿಗಳ ಗತಿಯನ್ನೂ ನೋಡಬೇಕು. ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್‌ಗೂ ಹಾಡಿನ ಹಕ್ಕು ತಂಡದ್ದೇ ಎಂಬ ಧೋರಣೆಯಿತ್ತು. ಜಾಯ್ ಡಿವಿಷನ್, ನ್ಯೂ ಆರ್ಡರ್‌ನಂಥ ಹೆಸರಾಂತ ತಂಡಗಳಿದ್ದವು. ಆದರೆ ನೈಟ್‌ಕ್ಲಬ್ಬು, ದುಬಾರಿ ಕಚೇರಿ ಎಂದು ಕೈ ಬಿಚ್ಚಿ ಸುರಿದ ಆ ಕಂಪನಿ 1992ರಲ್ಲಿ ದಿವಾಳಿ ಎದ್ದಿತು. ಕೊಳ್ಳಲು ಬಂದ ಲಂಡನ್ ರೆಕಾರ್ಡ್ಸ್‌ಗೆ, ಕೊಳ್ಳುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ ಎಂಬುದು ಆಗ ತಿಳಿಯಿತು.

ಷಿಕಾಗೋದ ಟಚ್ ಆ್ಯಂಡ್ ಗೋ ಪ್ರಕರಣ ಇನ್ನೂ ಕಹಿ. ಲಾಭ ಅರ್ಧರ್ಧ ಎಂಬ ಬಾಯಿಮಾತಿನ ಮೇಲೆ ಬಟ್‌ಹೋಲ್ ಸರ್ಫರ್ಸ್ ತಂಡದ ತಟ್ಟೆಗಳನ್ನು ಅದು ವರ್ಷಗಟ್ಟಲೆ ತಂದಿತು. ತಂಡ ದೊಡ್ಡ ಕಂಪನಿ ಸೇರಿ ಹೆಸರು ಮಾಡಿದ ಮೇಲೆ ಹೆಚ್ಚು ಪಾಲು ಕೇಳಿತು, ಜಗಳ ನ್ಯಾಯಾಲಯ ಹತ್ತಿತು. ಅವಧಿ ಗೊತ್ತುಪಡಿಸದ ಬಾಯಿಮಾತಿನ ಒಪ್ಪಂದವನ್ನು ತಂಡ ಯಾವಾಗ ಬೇಕಾದರೂ ಮುರಿಯಬಹುದು ಎಂದು 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕಾನೂನಿನ ಕಣ್ಣಿನಲ್ಲಿ ತೀರ್ಪು ಸರಿಯೇ ಇರಬಹುದು. ತಂಡದ ನಡೆ ಮಾತ್ರ ನನಗೆ ಇವತ್ತಿಗೂ ಒಗ್ಗದು.

ಹಾಗಾದರೆ ಡಿಸ್ಕಾರ್ಡ್ ಉಳಿದದ್ದು ಹೇಗೆ? ತನಗೆ ತಾನೇ ಬೇಲಿ ಹಾಕಿಕೊಂಡದ್ದರಿಂದ. ವಾಷಿಂಗ್ಟನ್ ಸುತ್ತಲಿನ ತಂಡಗಳನ್ನು ಬಿಟ್ಟು ಹೊರಗಿನವರ ತಟ್ಟೆ ತರುವುದಿಲ್ಲ ಎಂಬ ಅದರ ನಿಯಮ ಮೇಲ್ನೋಟಕ್ಕೆ ಊರಭಿಮಾನ. ಒಳಗೆ ಅದು ವ್ಯವಹಾರಜ್ಞಾನ. ಗೊತ್ತಿದ್ದವರ ನಡುವೆ, ಎದುರಾಬದುರು ಸಿಗುವವರ ನಡುವೆ ಬಾಯಿಮಾತು ನಿಲ್ಲುತ್ತದೆ. ವೆಚ್ಚ ಕೈಮೀರಿ ಹೋಗುವುದಿಲ್ಲ. ಮೆಕಾಯ್ ಹಾಡುತ್ತಿದ್ದ ಫುಗಾಜಿ ಇದೇ ಶಿಸ್ತನ್ನು ವೇದಿಕೆಗೂ ಒಯ್ದಿತು. ಟಿಕೆಟ್ ಸಾಮಾನ್ಯವಾಗಿ 5 ಡಾಲರ್, ಯಾವ ವಯಸ್ಸಿನವರಿಗೂ ಪ್ರವೇಶ. ದೊಡ್ಡ ಕಂಪನಿಗಳು ಬಾಗಿಲು ತಟ್ಟಿದರೂ ಒಪ್ಪಲಿಲ್ಲ. ಟೀ ಶರ್ಟ್ ಕೂಡ ಮಾರಲಿಲ್ಲ. ಇದು ಫುಗಾಜಿ ಟೀ ಶರ್ಟ್ ಅಲ್ಲ ಎಂದು ಬರೆದ ನಕಲಿ ಟೀ ಶರ್ಟುಗಳನ್ನು ಯಾರೋ ಮಾರಿ ದುಡ್ಡು ಮಾಡಿಕೊಂಡರು ಎಂಬುದು ಬೇರೆ ಮಾತು. 2011ರಿಂದ ಆ ತಂಡದ ನೂರಾರು ಕಾರ್ಯಕ್ರಮಗಳ ಧ್ವನಿಮುದ್ರಣಗಳು ಡೌನ್‌ಲೋಡ್‌ಗೆ ಸಿಗುತ್ತಿವೆ. ಸೂಚಿಸಿದ ಬೆಲೆ ಅದೇ 5 ಡಾಲರ್. ಒಂದು ಡಾಲರ್ ಕೊಟ್ಟರೂ ಆಕ್ಷೇಪವಿಲ್ಲ, ನೂರು ಕೊಟ್ಟರೂ ಬೇಡವೆನ್ನುವುದಿಲ್ಲ.

ಈ ಮಾದರಿಯನ್ನು ಎಲ್ಲಿಗೂ ಎತ್ತಿ ನೆಡಬಹುದು ಎಂದು ವಾದಿಸುವವರ ಉತ್ಸಾಹದಲ್ಲಿ ನಾನು ಪಾಲುಗೊಳ್ಳಲಾರೆ. ಮೆಕಾಯ್ ತಂದೆ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಪತ್ರಕರ್ತರಾಗಿದ್ದವರು. ನಷ್ಟವಾದರೂ ಊಟಕ್ಕೆ ಚಿಂತೆಯಿಲ್ಲದ ಮನೆ ಬೆನ್ನಿಗಿತ್ತು. ಹದಿನೆಂಟರ ಹುಡುಗ ಉಳಿತಾಯವನ್ನೆಲ್ಲ ರೆಕಾರ್ಡಿಗೆ ಸುರಿಯಬೇಕಾದರೆ ಬಾಡಿಗೆಯೂ ಕೈಗೆಟುಕುವಂತಿರಬೇಕು. ಈಗಿನ ಮಹಾನಗರಗಳಲ್ಲಿ ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಬೇಲಿ ಹೊರಗಿನವರಿಗಿತ್ತೇ ಹೊರತು ಒಳಗಿನವರನ್ನು ಕಟ್ಟಿಹಾಕಲಿಲ್ಲ. ನಿರ್ವಾಣ ತಂಡದ ಗೆಲುವಿನ ನಂತರ ದೊಡ್ಡ ಕಂಪನಿಗಳು ಸಣ್ಣ ತಂಡಗಳಿಗೆ ಬಲೆ ಬೀಸಿದಾಗ ಡಿಸ್ಕಾರ್ಡ್‌ನ ಜಾಬಾಕ್ಸ್ ಅಟ್ಲಾಂಟಿಕ್‌ಗೆ, ಷಡರ್ ಟು ಥಿಂಕ್ ಎಪಿಕ್‌ಗೆ ಹೋದವು. ಬಿಡುಗಡೆಯ ಪತ್ರ ಬೇಕಿರಲಿಲ್ಲ, ಪತ್ರವೇ ಇರಲಿಲ್ಲವಲ್ಲ. ಜಾಬಾಕ್ಸ್ ಅಟ್ಲಾಂಟಿಕ್‌ಗೆಂದು 1994ರಲ್ಲಿ ತಂದ ಆಲ್ಬಂ 2009ರಲ್ಲಿ ಮರುಬಿಡುಗಡೆಯಾದಾಗ ಅದರ ಮೇಲಿದ್ದದ್ದು ತಂಡದವರದೇ ಆದ ಡಿಸೋಟೊ ಲೇಬಲ್ಲಿನ ಹೆಸರು ಮತ್ತು ಡಿಸ್ಕಾರ್ಡ್ ಹೆಸರು.