ಗಡಿಯ ಭದ್ರತೆ ಮತ್ತು ಸಣ್ಣ ಕಾರ್ಖಾನೆಯ ಬಾಕಿ ಬಿಲ್ಲು

‘ಯುದ್ಧಕಾಲೇ ಶಸ್ತ್ರಾಭ್ಯಾಸಃ’ ಎಂಬ ಮಾತನ್ನು ಸಿದ್ಧತೆಯಿಲ್ಲದವರನ್ನು ಕುರಿತು ಆಡುವುದು ವಾಡಿಕೆ. ಆದರೆ ಶಸ್ತ್ರಾಭ್ಯಾಸಕ್ಕೆ ಮೊದಲು ಶಸ್ತ್ರ ತಯಾರಾಗಬೇಕು. ತಯಾರಿಕೆಗೆ ಮೊದಲು ಅದಕ್ಕೆ ಬೇಕಾದ ದುಡಿಯುವ ಬಂಡವಾಳ ಒದಗಬೇಕು. ರಕ್ಷಣಾ ನೀತಿಯ ಚರ್ಚೆಗಳಲ್ಲಿ ಕ್ಷಿಪಣಿ, ವಿಮಾನ, ರಾಡಾರ್‌ಗಳ ಪ್ರಸ್ತಾಪ ಧಾರಾಳವಾಗಿ ಬರುತ್ತದೆ. ಈ ಮೂರನೆಯ ಸಂಗತಿ ಮಾತ್ರ ಬರುವುದು ಅಪರೂಪ.

ಅಂಕಿಅಂಶಗಳನ್ನು ನೋಡಿದರೆ ಸಂತೋಷಪಡಲು ಕಾರಣಗಳಿವೆ. 2025-26ರ ಮುಂಗಡಪತ್ರದಲ್ಲಿ ರಕ್ಷಣಾ ಸಚಿವಾಲಯಕ್ಕೆ ಸುಮಾರು 6.81 ಲಕ್ಷ ಕೋಟಿ ರೂಪಾಯಿ ಒದಗಿಸಲಾಯಿತು. ಅದರಲ್ಲಿ ಹೊಸ ಶಸ್ತ್ರ ಸಲಕರಣೆಗಳ ಖರೀದಿಗಾಗಿ ಇಟ್ಟ ಸುಮಾರು 1.49 ಲಕ್ಷ ಕೋಟಿಯ ಪೈಕಿ ಶೇಕಡಾ 75ರಷ್ಟನ್ನು ದೇಶೀಯ ಉದ್ಯಮಕ್ಕೆ ಮೀಸಲಿರಿಸಲಾಯಿತು. 2024-25ರಲ್ಲಿ ರಕ್ಷಣಾ ಉತ್ಪಾದನೆ 1.50 ಲಕ್ಷ ಕೋಟಿ ರೂಪಾಯಿ ದಾಟಿತು. 2013-14ರಲ್ಲಿ 686 ಕೋಟಿಯಷ್ಟಿದ್ದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿಗೆ ಏರಿತು. ಆಗಸ್ಟ್ 2020ರಿಂದ ಅಕ್ಟೋಬರ್ 2023ರವರೆಗೆ ಪ್ರಕಟವಾದ ಐದು ಸ್ವದೇಶೀಕರಣ ಪಟ್ಟಿಗಳು ಐನೂರಕ್ಕೂ ಹೆಚ್ಚು ಸಲಕರಣೆಗಳ ಆಮದಿಗೆ ಹಂತಹಂತವಾಗಿ ತಡೆ ಹಾಕಿದವು.

ಇವೆಲ್ಲವೂ ಸಾಧನೆಗಳೇ ಸರಿ. ಆದರೆ ಇವು ಮರದ ತುದಿಯ ಅಂಕಿಗಳು. ಬೇರಿನಲ್ಲಿರುವ ಸಣ್ಣ ಘಟಕಕ್ಕೆ ಎಷ್ಟು ದಿನಗಳಲ್ಲಿ ಹಣ ತಲುಪಿತು ಎಂಬ ಅಂಕಿ ಮಾತ್ರ ಈ ಪ್ರಕಟಣೆಗಳಲ್ಲಿ ಸಿಗುವುದಿಲ್ಲ. ರಾಷ್ಟ್ರದ ರಕ್ಷಣಾ ಸಿದ್ಧತೆಯ ಬಹುದೊಡ್ಡ ಪಾಲು ನಿಂತಿರುವುದು ಆ ಒಂದು ಅಂಕಿಯ ಮೇಲೆಯೇ.

ಪರಾವಲಂಬನೆಯ ಪಾಠಗಳು

ಸ್ವಾವಲಂಬನೆಯ ಅಗತ್ಯವನ್ನು ಇತಿಹಾಸವೇ ಕಲಿಸಿದೆ. 1965ರ ಯುದ್ಧದ ವೇಳೆ ಅಮೆರಿಕವು ಭಾರತ, ಪಾಕಿಸ್ತಾನ ಎರಡಕ್ಕೂ ಶಸ್ತ್ರ ಪೂರೈಕೆಯನ್ನು ನಿಲ್ಲಿಸಿತು. 1998ರ ಪೋಖರಣ್ ಪರೀಕ್ಷೆಯ ಬಳಿಕ ಹೇರಲಾದ ನಿರ್ಬಂಧಗಳಿಂದ ಲಘು ಯುದ್ಧವಿಮಾನದ ಕೆಲಸ ಹಿನ್ನಡೆ ಕಂಡಿತು. ಆ ವಿಮಾನ ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿದ್ದು 2001ರ ಜನವರಿ 4ರಂದು. ತೇಜಸ್ ಮಾರ್ಕ್-1ಎ ಮಾದರಿಯ 83 ವಿಮಾನಗಳಿಗೆ 2021ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಅವುಗಳಿಗೆ ಬೇಕಾದ ಅಮೆರಿಕದ ಎಂಜಿನ್‌ಗಳ ಪೈಕಿ ಮೊದಲನೆಯದು ಹಸ್ತಾಂತರವಾದದ್ದು 2025ರ ಮಾರ್ಚ್‌ನಲ್ಲಿ. ವಿಮಾನಗಳ ಪೂರೈಕೆ ಆರಂಭವಾಗಬೇಕಿದ್ದ ಸಮಯಕ್ಕಿಂತ ಇದು ಒಂದು ವರ್ಷ ತಡ.

ಮದ್ದುಗುಂಡಿನ ಕಥೆಯೂ ಭಿನ್ನವಲ್ಲ. ಸೇನೆಯ ಮದ್ದುಗುಂಡಿನ ಬಗೆಗಳಲ್ಲಿ ಸುಮಾರು ಶೇಕಡಾ 40ರಷ್ಟರ ದಾಸ್ತಾನು ಹತ್ತು ದಿನಗಳ ತೀವ್ರ ಯುದ್ಧಕ್ಕೂ ಸಾಲದಷ್ಟಿತ್ತೆಂದು ಮಹಾಲೇಖಪಾಲರು 2017ರ ವರದಿಯಲ್ಲಿ ಎಚ್ಚರಿಸಿದ್ದರು. ಡ್ರೋನ್‌ಗಳ ವಿಷಯದಲ್ಲಿ, ಚೀನೀ ಬಿಡಿಭಾಗಗಳ ಆತಂಕದಿಂದಾಗಿ 400 ಡ್ರೋನ್‌ಗಳ ಖರೀದಿಯನ್ನು ಸೇನೆ 2025ರಲ್ಲಿ ರದ್ದುಪಡಿಸಬೇಕಾಯಿತು. ಅದೇ ವರ್ಷದ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಡ್ರೋನ್ ಹಾಗೂ ವಾಯುರಕ್ಷಣಾ ವ್ಯವಸ್ಥೆಗಳು ವಹಿಸಿದ ಪಾತ್ರವನ್ನು ಗಮನಿಸಿದರೆ, ಬಿಡಿಭಾಗ ಎಲ್ಲಿಯದು ಎಂಬ ಪ್ರಶ್ನೆಯ ಮಹತ್ವ ತಾನಾಗಿಯೇ ತಿಳಿಯುತ್ತದೆ.

ಬಿಡಿಭಾಗ ಸ್ವದೇಶದ್ದಾಗಬೇಕಾದರೆ ಅದನ್ನು ತಯಾರಿಸುವವರು ಬೇಕು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಬೆಂಗಳೂರಿನಲ್ಲಿ ನೆಲೆಗೊಂಡ ಮೇಲೆ, ಅಂತಹ ಕೆಲಸಕ್ಕೆ ಪಳಗಿದ ನೂರಾರು ಸಣ್ಣ ಕಾರ್ಖಾನೆಗಳು ರಾಜ್ಯದಲ್ಲಿ ಬೆಳೆದವು. 2018ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಎರಡು ರಕ್ಷಣಾ ಕಾರಿಡಾರ್‌ಗಳು ಉತ್ತರ ಪ್ರದೇಶ ಹಾಗೂ ತಮಿಳುನಾಡಿನ ಪಾಲಾದರೂ, ಪೀಣ್ಯದ ಲೇತ್ ಯಂತ್ರಗಳೂ ಬೆಳಗಾವಿಯ ಎರಕದ ಕುಲುಮೆಗಳೂ ಈ ಕ್ಷೇತ್ರದಿಂದ ದೂರ ಸರಿದಿಲ್ಲ. ಅವುಗಳನ್ನು ಕಾಡುತ್ತಿರುವುದು ಆರ್ಡರಿನ ಕೊರತೆಗಿಂತ ಹೆಚ್ಚಾಗಿ ಹಣದ ವಿಳಂಬ.

ಒಂದು ಕೋಟಿಯ ಆರ್ಡರಿನ ಲೆಕ್ಕ

ಒಂದು ಸರಳ ಉದಾಹರಣೆಯನ್ನು ಪರಿಶೀಲಿಸಬಹುದು. ಒಂದು ಸಣ್ಣ ಘಟಕಕ್ಕೆ ಒಂದು ಕೋಟಿ ರೂಪಾಯಿಯ ಬಿಡಿಭಾಗಗಳ ಆರ್ಡರ್ ದೊರೆಯಿತೆಂದು ಇಟ್ಟುಕೊಳ್ಳೋಣ. ಕಚ್ಚಾಮಾಲು, ಕೂಲಿ, ವಿದ್ಯುತ್, ಪರೀಕ್ಷೆ ಸೇರಿ ಬಡ್ಡಿಗೆ ಮುಂಚಿನ ವೆಚ್ಚ 90 ಲಕ್ಷ. ಲಾಭ 10 ಲಕ್ಷ. ರಕ್ಷಣಾ ದರ್ಜೆಯ ಮಿಶ್ರಲೋಹವನ್ನು ಮುಂಗಡ ಹಣ ಕೊಟ್ಟೇ ತರಬೇಕು. ಬೇಕಾದಷ್ಟೇ ಕೊಡಿ ಎಂದರೆ ಮಾರುವವರು ಒಪ್ಪುವುದಿಲ್ಲ. ಹೀಗಾಗಿ ಸರಾಸರಿ 80 ಲಕ್ಷ ರೂಪಾಯಿ ಈ ಆರ್ಡರಿನಲ್ಲಿ ಸಿಲುಕಿರುತ್ತದೆ ಎನ್ನೋಣ. ಬ್ಯಾಂಕಿನ ಬಡ್ಡಿ ಶೇಕಡಾ 12.

ಕಚ್ಚಾಮಾಲು ಕೊಂಡ ದಿನದಿಂದ ಹಣ ಕೈಸೇರುವವರೆಗೆ ನಾಲ್ಕು ತಿಂಗಳಾದರೆ ಬಡ್ಡಿ 3.20 ಲಕ್ಷ, ಉಳಿಯುವುದು 6.80 ಲಕ್ಷ. ಒಂಬತ್ತು ತಿಂಗಳಾದರೆ ಬಡ್ಡಿ 7.20 ಲಕ್ಷ, ಉಳಿಯುವುದು 2.80 ಲಕ್ಷ. ಹನ್ನೆರಡೂವರೆ ತಿಂಗಳಾದರೆ ಲಾಭ ಸೊನ್ನೆ. ಯಂತ್ರದ ಸವಕಳಿಗೂ ಮುಂದಿನ ಯಂತ್ರಕ್ಕೂ ಹಣವಿಲ್ಲ. ಇದರ ನಡುವೆ ಮಾಸಿಕ ರಿಟರ್ನ್ ಸಲ್ಲಿಸುವ ಘಟಕವು ಬಿಲ್ಲಿನ ಹಣ ಬಂದಿರಲಿ, ಬಾರದಿರಲಿ, ಮರುತಿಂಗಳ 20ರೊಳಗೆ ಜಿಎಸ್‌ಟಿ ಕಟ್ಟಬೇಕು. ಸಾಲದ ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಬ್ಯಾಂಕ್ ಆ ಖಾತೆಯನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸುತ್ತದೆ. ಹಣ ಕೊಡಬೇಕಾದವರು ತಡಮಾಡಿದರೆ ಕೆಟ್ಟ ಹೆಸರು ಹಣ ಬರಬೇಕಾದವನಿಗೆ! ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಈ ಸರಪಳಿಯಲ್ಲಿ ವರ್ತಕನ ಪಾತ್ರವೂ ಚಿಕ್ಕದಲ್ಲ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ವ್ಯಾಪಾರಿಯು ಬೋಲ್ಟು, ಬೇರಿಂಗ್, ಕಟಿಂಗ್ ಟೂಲ್‌ಗಳನ್ನು ಕಾರ್ಖಾನೆಗೆ ಉದ್ರಿ ಕೊಡುತ್ತಾನೆ. ಕಾರ್ಖಾನೆಯ ಬಿಲ್ಲು ನಿಂತರೆ ಅವನ ಉದ್ರಿಯೂ ನಿಲ್ಲುತ್ತದೆ. 2021ರ ಜುಲೈಯಲ್ಲಿ ವರ್ತಕರಿಗೆ ಉದ್ಯಮ್ ನೋಂದಣಿಯ ಅವಕಾಶ ದೊರೆತದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ವಿಳಂಬ ಪಾವತಿಯ ವಿರುದ್ಧದ ರಕ್ಷಣೆಗಲ್ಲ. ರಾಷ್ಟ್ರದ ರಕ್ಷಣೆಗೆ ಬಡ್ಡಿಯಿಲ್ಲದ ಸಾಲ ನೀಡುತ್ತಿರುವವರ ಪಟ್ಟಿಯಲ್ಲಿ ಅಂಗಡಿಯ ಗಲ್ಲಾದ ಮುಂದೆ ಕುಳಿತವನೂ ಇದ್ದಾನೆ ಎಂದರೆ ಅತಿಶಯೋಕ್ತಿಯಲ್ಲ.

ಕಾನೂನಿನ ಗಡಿಯಾರ

ಇದಕ್ಕೆ ಕಾನೂನಿಲ್ಲವೇ? ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ 15ನೆಯ ಕಲಮಿನಂತೆ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಲೆಕ್ಕಹಾಕಿ ತೆರಬೇಕು. 2023ರ ಹಣಕಾಸು ಅಧಿನಿಯಮವು 1961ರ ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಕಲಮನ್ನು ಸೇರಿಸಿತು. ಅವಧಿ ಮೀರಿದ ಬಾಕಿಯನ್ನು ಪಾವತಿಸುವವರೆಗೆ ಖರೀದಿದಾರನಿಗೆ ಆ ವೆಚ್ಚದ ವಿನಾಯಿತಿ ದೊರೆಯದು ಎಂಬುದೇ ಅದರ ಸಾರ.

ಆದರೆ ಈ ಏರ್ಪಾಡಿನಲ್ಲಿ ಮೂರು ಸಂದುಗಳಿವೆ. ಮೊದಲನೆಯದಾಗಿ, ತೆರಿಗೆಯ ಬಿಸಿ ತಟ್ಟುವುದು ಮಾರ್ಚ್ 31ರಂದು ಉಳಿದ ಬಾಕಿಗೆ ಮಾತ್ರ. ಮೇ ತಿಂಗಳ ಬಿಲ್ಲನ್ನು ಡಿಸೆಂಬರ್‌ನಲ್ಲಿ ಪಾವತಿಸಿದವರಿಗೆ ತೆರಿಗೆಯಲ್ಲಿ ಯಾವ ನಷ್ಟವೂ ಇಲ್ಲ. ಆದಾಯ ತೆರಿಗೆಯನ್ನೇ ಕಟ್ಟದ ಸರ್ಕಾರಿ ಇಲಾಖೆಗಂತೂ ಅದು ತಟ್ಟುವುದೇ ಇಲ್ಲ. ಎರಡನೆಯದಾಗಿ, 45 ದಿನಗಳ ಎಣಿಕೆ ಸರಕನ್ನು ಅಂಗೀಕರಿಸಿದ ದಿನದಿಂದ ಆರಂಭ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ತಲುಪಿದ ದಿನವೇ ಅಂಗೀಕಾರದ ದಿನವೆಂದು ಕಾನೂನು ಹೇಳುತ್ತದೆ. ಆದರೆ ರಕ್ಷಣಾ ಸರಕು ಅನೇಕ ವೇಳೆ ಗುಣಮಟ್ಟ ಪರೀಕ್ಷಕರ ಮುದ್ರೆ ಬೀಳದೆ ಕಾರ್ಖಾನೆಯ ಬಾಗಿಲನ್ನೇ ದಾಟುವಂತಿಲ್ಲ. ಪರೀಕ್ಷಕರು ಬರುವವರೆಗೆ ಸರಕು ಹೊರಡದು. ಹೊರಡದ ಸರಕು ತಲುಪದು. ತಲುಪದ ಸರಕಿಗೆ ಗಡಿಯಾರ ಓಡದು.

ಮೂರನೆಯದು ಕಾನೂನಿನದಲ್ಲ, ಭಯದ್ದು. 18ನೆಯ ಕಲಮಿನಡಿ ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇಕಡಾ 75ರಷ್ಟು ಹಣ ಠೇವಣಿ ಇಡಬೇಕು. ಆದರೂ, ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳುವ ಧೈರ್ಯ ಎಷ್ಟು ಮಂದಿಗಿದೆ? ಸಣ್ಣ ಉದ್ಯಮಿ ತಡಮಾಡಿದರೆ ವಾರವಾರಕ್ಕೂ ದಂಡ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಖರೀದಿದಾರ ತಡಮಾಡಿದರೆ ಬರಬೇಕಾದ ಬಡ್ಡಿಯನ್ನು ಕೇಳಲು ಮಾತ್ರ ಬಾಯಿ ಬರುವುದಿಲ್ಲ.

ಪರೀಕ್ಷೆ ಬೇಕು, ಕಾಯಿಸುವುದು ಬೇಡ

ಇನ್ನೊಂದು ಪಕ್ಷದ ವಾದವನ್ನೂ ನ್ಯಾಯವಾಗಿ ತೂಗಬೇಕು. ರಕ್ಷಣಾ ಬಿಡಿಭಾಗ ಮನೆಬಳಕೆಯ ಸರಕಲ್ಲ. ಒಂದು ಸೀಲ್ ಸೋರಿದರೆ ಪೈಲಟ್‌ನ ಪ್ರಾಣಕ್ಕೆ ಸಂಚಕಾರ. ಸಾರ್ವಜನಿಕ ಹಣಕ್ಕೆ ಲೆಕ್ಕಪರಿಶೋಧನೆ ಇರಲೇಬೇಕು. ಮೇಲಿನ ಹಂತದ ಗುತ್ತಿಗೆದಾರನಿಗೂ ಹಣ ಕಂತುಕಂತಾಗಿಯೇ ಬರುತ್ತದೆ. ಎಂಜಿನ್ ತಡವಾದರೆ ವಿಮಾನ ತಡ. ವಿಮಾನ ತಡವಾದರೆ ಕಂತೂ ತಡ. ಇವೆಲ್ಲವೂ ದಿಟ. ಆದರೆ ಪರೀಕ್ಷೆ ಕಠಿಣವಾಗಿರಬೇಕೆಂಬುದಕ್ಕೂ ಅದು ನಿಧಾನವಾಗಿರಬೇಕೆಂಬುದಕ್ಕೂ ಸಂಬಂಧವಿಲ್ಲ. ವಿಳಂಬದ ಭಾರವನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನ ಹೆಗಲಿಗೇ ಅದೆಲ್ಲವನ್ನೂ ಇಳಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಸುಧಾರಣೆಗಳು ಆಗಿಲ್ಲವೆಂದಲ್ಲ. 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ರಕ್ಷಣಾ ಖರೀದಿ ಕೈಪಿಡಿಯು ಸ್ವದೇಶೀಕರಣದ ಸಂದರ್ಭಗಳಲ್ಲಿ ವಿಳಂಬ ದಂಡವನ್ನು ಸಡಿಲಿಸಿದೆ. ಐದು ವರ್ಷಗಳವರೆಗೆ ಆರ್ಡರಿನ ಭರವಸೆ ನೀಡಲು ದಾರಿ ಮಾಡಿದೆ. ಪರೀಕ್ಷಾ ಸೌಕರ್ಯಗಳಿಗೆ ಶೇಕಡಾ 75ರವರೆಗೆ ಅನುದಾನ ನೀಡುವ, 400 ಕೋಟಿ ರೂಪಾಯಿಯ ಯೋಜನೆ 2020ರಲ್ಲಿ ಆರಂಭವಾಯಿತು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳೂ ಕೇಂದ್ರ ಸಾರ್ವಜನಿಕ ಉದ್ಯಮಗಳೂ ಬಿಲ್ಲು ವಟಾವಣೆಯ ‘ಟ್ರೆಡ್ಸ್’ ವೇದಿಕೆಯಲ್ಲಿ 2025ರ ಮಾರ್ಚ್ ಅಂತ್ಯದೊಳಗೆ ನೋಂದಾಯಿಸಿಕೊಳ್ಳಬೇಕೆಂದು ಕಡ್ಡಾಯ ಮಾಡಲಾಯಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ನೋಂದಣಿ ಬೇರೆ, ಬಿಲ್ಲಿಗೆ ಒಪ್ಪಿಗೆ ಬೇರೆ. ಖರೀದಿದಾರ ಬಿಲ್ಲನ್ನು ಒಪ್ಪದಿದ್ದರೆ ವೇದಿಕೆಯಲ್ಲಿ ಹಣ ಹುಟ್ಟುವುದಿಲ್ಲ.

ಈ ಹಿನ್ನೆಲೆಯಲ್ಲಿ ನಾಲ್ಕು ಕ್ರಮಗಳು ತುರ್ತಾಗಿ ಆಗಬೇಕಿವೆ:

1. ಸರಕು ಪರೀಕ್ಷೆಗೆ ಸಿದ್ಧವೆಂದು ಘಟಕ ಲಿಖಿತವಾಗಿ ತಿಳಿಸಿದ 15 ದಿನಗಳೊಳಗೆ ಪರೀಕ್ಷಕರು ಬಾರದಿದ್ದರೆ, ಪಾವತಿಯ ಮಟ್ಟಿಗೆ ಗಡಿಯಾರ ಅಲ್ಲಿಂದಲೇ ಆರಂಭವಾಗಬೇಕು. ಸರಕಿನ ಗುಣದ ಬಗೆಗಿನ ಹಕ್ಕು ಖರೀದಿದಾರನಿಗೆ ಉಳಿದೇ ಇರಲಿ.

2. ಮುಖ್ಯ ಗುತ್ತಿಗೆದಾರ ಸರ್ಕಾರದಿಂದ ಮುಂದಿನ ಕಂತು ಪಡೆಯುವಾಗ, ಕೆಳ ಹಂತದ ಸಣ್ಣ ಘಟಕಗಳ ಅವಧಿ ಮೀರಿದ ಬಾಕಿ ತೀರಿಸಿದ್ದಕ್ಕೆ ಲೆಕ್ಕಪರಿಶೋಧಕರ ದೃಢೀಕರಣ ಒದಗಿಸಬೇಕು.

3. ಸರಕು ಅಂಗೀಕೃತವಾದ ಬಿಲ್ಲನ್ನು ಗೊತ್ತಾದ ದಿನಗಳೊಳಗೆ ಟ್ರೆಡ್ಸ್‌ನಲ್ಲಿ ಒಪ್ಪುವುದು ಕಡ್ಡಾಯವಾಗಬೇಕು. ಸರಾಸರಿ ಎಷ್ಟು ದಿನಗಳಲ್ಲಿ ಪಾವತಿಯಾಯಿತು ಎಂಬುದು ವಾರ್ಷಿಕ ವರದಿಯಲ್ಲಿ ಪ್ರಕಟವಾಗಬೇಕು.

4. ಬಹುವರ್ಷಗಳ ಆರ್ಡರಿಗೆ ಬಹುವರ್ಷಗಳ ಹಣವೂ ಜೊತೆಗಿರಬೇಕು. 2021-26ರ ಅವಧಿಗೆ 15ನೆಯ ಹಣಕಾಸು ಆಯೋಗವು ವರ್ಷಾಂತ್ಯದಲ್ಲಿ ವ್ಯಪಗತವಾಗದ ರಕ್ಷಣಾ ಆಧುನೀಕರಣ ನಿಧಿಯನ್ನು ಶಿಫಾರಸು ಮಾಡಿದ್ದರ ಹಿಂದಿನ ತತ್ತ್ವ ಇದೇ.

ಉದ್ಯಮಿಗಳ ಹೊಣೆ

ಸರ್ಕಾರದತ್ತ ಬೆರಳು ತೋರಿಸಿ ಸುಮ್ಮನಾಗುವುದು ಉದ್ಯಮಕ್ಕೆ ಶೋಭೆಯಲ್ಲ. ಉದ್ಯಮ್ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸದ ಘಟಕಗಳು ಇಂದಿಗೂ ಇವೆ. ಸರಕು ತಲುಪಿದ ದಿನಕ್ಕೆ ಸಹಿ ಪಡೆಯದೆ, ಫೋನಿನಲ್ಲಿ ಬಂದ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೇಳದೆ, 90 ದಿನಗಳ ಪಾವತಿಯ ಷರತ್ತಿಗೆ ಕಣ್ಣುಮುಚ್ಚಿ ಸಹಿ ಹಾಕಿ, ಅನಂತರ ಕಾನೂನನ್ನು ದೂರಿದರೆ ಪ್ರಯೋಜನವಿಲ್ಲ. ಆರ್ಡರಿಗೆ ದರ ಬರೆಯುವಾಗ ಕಾಯುವ ಕಾಲದ ಬಡ್ಡಿಯನ್ನು ವೆಚ್ಚವೆಂದು ಸೇರಿಸದೆ, ಕನಿಷ್ಠ ದರದ ಪೈಪೋಟಿಯಲ್ಲಿ ಗೆದ್ದು ಸೋತವರ ಸಂಖ್ಯೆಯೂ ಕಡಿಮೆಯಿಲ್ಲ. ಒಬ್ಬೊಬ್ಬರೇ ಸಲ್ಲಿಸಲು ಅಂಜುವ ದೂರನ್ನು ಹೆಸರುಗಳನ್ನು ಬಹಿರಂಗಪಡಿಸದೆ ಒಟ್ಟುಗೂಡಿಸಿ, ಖರೀದಿದಾರರ ಮುಂದೆ ಅಂಕಿಅಂಶಸಹಿತ ಇಡುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.

ಮಿಲಿಮೀಟರಿನ ನೂರನೆಯ ಒಂದು ಭಾಗದ ನಿಖರತೆಯನ್ನು ಕಲಿತ ಕೆಲಸಗಾರ ಒಂದು ದಿನದಲ್ಲಿ ತಯಾರಾಗುವುದಿಲ್ಲ. ಬಿಲ್ಲು ಬಾರದೆ ಘಟಕ ಬಾಗಿಲು ಮುಚ್ಚಿದರೆ ಅವನು ಬೇರೆ ಉದ್ಯೋಗ ಹುಡುಕಿ ಹೊರಡುತ್ತಾನೆ. ಸಂಕಟದ ಹೊತ್ತಿನಲ್ಲಿ ಎಷ್ಟು ಕೋಟಿಯ ತುರ್ತು ಖರೀದಿಗೆ ಮಂಜೂರಾತಿ ಕೊಟ್ಟರೂ ಅವನನ್ನು ಕರೆತರಲಾಗದು. ಸೈನಿಕನ ಸಂಬಳ ಒಂದು ದಿನವೂ ತಡವಾಗಬಾರದೆಂಬ ಬಗ್ಗೆ ಎರಡು ಮಾತಿಲ್ಲ. ಅವನ ಕೈಯ ಶಸ್ತ್ರಕ್ಕೆ ಬಿಡಿಭಾಗ ಮಾಡಿಕೊಡುವವನ ಬಿಲ್ಲಿಗೂ ಅದೇ ಶಿಸ್ತು ಅನ್ವಯವಾದ ದಿನವೇ ರಕ್ಷಣಾ ಸ್ವಾವಲಂಬನೆ ಘೋಷಣೆಯಿಂದ ಲೆಕ್ಕದ ಪುಸ್ತಕಕ್ಕೆ ಇಳಿದಂತಾಗುತ್ತದೆ.