ವಿಚಾರಣೆಯಿಲ್ಲದ ಸೆರೆ

ಕ್ಯೂಬಾ ದ್ವೀಪದ ಆಗ್ನೇಯ ಭಾಗದಲ್ಲಿರುವ ಗ್ವಾಂಟನಾಮೊ ಕೊಲ್ಲಿಯನ್ನು 1903ರಲ್ಲಿ ನೌಕಾನೆಲೆಗೆಂದು ಗುತ್ತಿಗೆ ಪಡೆದಾಗ, ನೆಲದ ಪರಮಾಧಿಕಾರವು ಕ್ಯೂಬಾದ್ದೆಂದೂ ಸಮಸ್ತ ಹತೋಟಿಯು ತನ್ನದೆಂದೂ ಅಮೆರಿಕವು ಕರಾರು ಮಾಡಿಕೊಂಡಿತ್ತು. ಶತಮಾನವೊಂದು ಕಳೆಯುವಷ್ಟರಲ್ಲಿ ಆ ಕರಾರಿನ ಸಂದಿಯಲ್ಲಿಯೇ ಒಂದು ಸೆರೆಮನೆ ಎದ್ದಿತು. 2001ರ ಸೆಪ್ಟೆಂಬರ್ 11ರ ಘೋರ ಹತ್ಯಾಕಾಂಡದ ತರುವಾಯ ಪರದೇಶಗಳಲ್ಲಿ ಸೆರೆಸಿಕ್ಕವರನ್ನು 2002ರ ಜನವರಿಯಿಂದ ಅಲ್ಲಿಗೆ ತಂದು ಕೂಡಿಹಾಕಿದ ಬುಷ್ ಸರಕಾರವು, ಇವರು ಯುದ್ಧಕೈದಿಗಳಲ್ಲವಾದುದರಿಂದ ಜಿನೀವಾ ಒಪ್ಪಂದದ ರಕ್ಷಣೆ ಇವರಿಗಿಲ್ಲವೆಂದೂ, ನೆಲವು ಅನ್ಯರದಾದುದರಿಂದ ಅಮೆರಿಕದ ನ್ಯಾಯಾಲಯಗಳ ಬಾಗಿಲೂ ಇವರಿಗೆ ತೆರೆಯತಕ್ಕದ್ದಲ್ಲವೆಂದೂ ವಾದಿಸಿತು.

ರಣರಂಗದಲ್ಲಿ ಆಯುಧಪಾಣಿಯಾಗಿ ಸಿಕ್ಕವನನ್ನು ಯುದ್ಧ ಮುಗಿಯುವವರೆಗೆ ತಡೆದಿಡುವುದು ಪುರಾತನ ಪದ್ಧತಿಯೇ. 2004ರ ಹಮ್ದಿ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಅಲ್ಲಗಳೆಯಲಿಲ್ಲ. ಗುಂಡಿನ ಮಳೆಯ ನಡುವೆ ಸೈನಿಕನು ಪೊಲೀಸಿನವನಂತೆ ಪಂಚನಾಮೆ ಬರೆಯಲಾರನೆಂಬ ಮಾತೂ ತಳ್ಳಿಹಾಕತಕ್ಕದ್ದಲ್ಲ. ಆದರೆ ಸಿಕ್ಕವನು ನಿಜವಾಗಿಯೂ ಯೋಧನೇ ಎಂಬುದನ್ನು ಹಿಡಿದವರೇ ನಿರ್ಣಯಿಸಿದರೆ ಏನಾದೀತೆಂಬುದಕ್ಕೆ ಲಖ್ದಾರ್ ಬೂಮೆದೀನ್ ಎಂಬಾತನ ಪ್ರಕರಣವೇ ಸಾಕ್ಷಿ. ಆಲ್ಜೀರಿಯ ಮೂಲದ ಈತನೂ ಇನ್ನೈವರೂ ಸಿಕ್ಕಿದುದು ಯುದ್ಧಭೂಮಿಯಲ್ಲಲ್ಲ, ಬೋಸ್ನಿಯಾದಲ್ಲಿ. ಅಮೆರಿಕದ ರಾಯಭಾರ ಕಚೇರಿಯನ್ನು ಸ್ಫೋಟಿಸುವ ಸಂಚಿನ ಗುಮಾನಿಯಿಂದ. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬಿಡುಗಡೆಗೆ ಅಪ್ಪಣೆ ಮಾಡಿದ ಬೆನ್ನಿಗೇ ಇವರನ್ನು ಅಮೆರಿಕದ ಸೈನಿಕರಿಗೆ ಒಪ್ಪಿಸಲಾಯಿತು. ನ್ಯಾಯಾಧೀಶನೆದುರು ನಿಲ್ಲುವ ಹಕ್ಕು, ಅಂದರೆ ಹೇಬಿಯಸ್ ಕಾರ್ಪಸ್, ಗ್ವಾಂಟನಾಮೊಗೂ ಸಲ್ಲುತ್ತದೆಂದು ಇವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2008ರ ಜೂನ್ 12ರಂದು ಐದಕ್ಕೆ ನಾಲ್ಕರ ಬಹುಮತದಿಂದ ಸಾರಿತು. ಹಿಂದೆ ಇವರ ಅರ್ಜಿಯನ್ನು ವಜಾ ಮಾಡಿದ್ದ ನ್ಯಾಯಾಧೀಶ ರಿಚರ್ಡ್ ಲಿಯಾನ್ ಅವರೇ ಆ ನವೆಂಬರಿನಲ್ಲಿ ಕಡತಗಳನ್ನು ತೆರೆಸಿ ನೋಡಲಾಗಿ, ಸ್ಫೋಟದ ಆರೋಪವನ್ನು ಸರಕಾರವೇ ಕೈಬಿಟ್ಟಿತ್ತು. ಆಫ್ಘಾನಿಸ್ತಾನಕ್ಕೆ ಹೋಗಿ ಕಾದಾಡುವ ಉದ್ದೇಶವಿತ್ತೆಂಬ ಹೊಸ ಆರೋಪಕ್ಕೆ ಐವರ ಮಟ್ಟಿಗೆ ಹೆಸರಿಲ್ಲದ ಒಬ್ಬನ ಮಾತಿನ ಹೊರತು ಬೇರೆ ಆಧಾರವಿರಲಿಲ್ಲ. ಆ ಐವರ ಬಿಡುಗಡೆಗೆ ಅವರು ಆಜ್ಞಾಪಿಸಿದರು. ಏಳು ವರ್ಷಗಳ ಸೆರೆವಾಸವು ನಿಂತಿದ್ದುದು ಇಂತಹ ತಳಹದಿಯ ಮೇಲೆ!

ಇದು ನಮಗೆ ದೂರದ ಮಾತಲ್ಲ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿಯವರು ಕರ್ನಾಟಕ ಹೈಕೋರ್ಟಿಗೆ ಸಲ್ಲಿಸಿದುದೂ ಇದೇ ಬಗೆಯ ಅರ್ಜಿಯನ್ನು. 1976ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ನಾಲ್ವರು ಅದಕ್ಕೆ ಅವಕಾಶವಿಲ್ಲವೆಂದಾಗ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು.

ನಿರಪರಾಧಿಗೆ ಮಾತ್ರವಲ್ಲ, ಅಪರಾಧದ ಬಲಿಪಶುಗಳಿಗೂ ಗ್ವಾಂಟನಾಮೊದ ಈ ಮಾರ್ಗವು ದ್ರೋಹವೆಸಗಿದೆ. ಸೆಪ್ಟೆಂಬರ್ 11ರ ಸಂಚಿನ ಸೂತ್ರಧಾರನೆನ್ನಲಾದ ಖಾಲಿದ್ ಶೇಖ್ ಮೊಹಮ್ಮದನು 2003ರ ಮಾರ್ಚಿನಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕಿದನು. ಅಮೆರಿಕದ ಗೂಢಚಾರ ಸಂಸ್ಥೆಯ ಗುಪ್ತ ಬಂದೀಖಾನೆಯಲ್ಲಿ, ನೀರಿನಿಂದ ಉಸಿರುಗಟ್ಟಿಸುವ ಹಿಂಸೆಯನ್ನು ಆತನ ಮೇಲೆ 183 ಬಾರಿ ಪ್ರಯೋಗಿಸಲಾಯಿತೆಂದು ಸರಕಾರದ ದಾಖಲೆಗಳೇ ಹೇಳುತ್ತವೆ. ಆ ಚಿತ್ರಹಿಂಸೆಯ ನೆರಳು ಬಿದ್ದ ಹೇಳಿಕೆಗಳು ಸಾಕ್ಷ್ಯವಾಗಬಲ್ಲವೇ ಎಂಬ ತಕರಾರಿನಲ್ಲಿಯೇ, ಗ್ವಾಂಟನಾಮೊದಲ್ಲಿ ಆತನನ್ನು ವಿಚಾರಿಸುವ ಸೈನಿಕ ಆಯೋಗದ ವರ್ಷಗಳು ಸವೆದುವು. ಮರಣದಂಡನೆಯನ್ನು ಬಿಟ್ಟುಕೊಟ್ಟು ತಪ್ಪೊಪ್ಪಿಗೆ ಪಡೆಯುವ ಒಪ್ಪಂದವು 2024ರ ಜುಲೈಯಲ್ಲಿ ಕುದುರಿತಾದರೂ ರಕ್ಷಣಾ ಸಚಿವರು ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆತವು ಸರಿಯೆಂದು ಮೇಲ್ಮನವಿ ನ್ಯಾಯಾಲಯವು 2025ರಲ್ಲಿ ಹೇಳಿತು. ಸುಮಾರು ಮೂರು ಸಾವಿರ ಮಂದಿಯನ್ನು ಕಳೆದುಕೊಂಡ ಕುಟುಂಬಗಳಿಗೆ ತೀರ್ಪು ದೊರೆತಿಲ್ಲ.

ಇದಕ್ಕೆ ಪ್ರತಿಯಾಗಿ, 1998ರಲ್ಲಿ ಪೂರ್ವ ಆಫ್ರಿಕದಲ್ಲಿನ ಅಮೆರಿಕದ ರಾಯಭಾರ ಕಚೇರಿಗಳ ಸ್ಫೋಟದಲ್ಲಿ 224 ಮಂದಿ ಮಡಿದ ಪ್ರಕರಣದ ಆರೋಪಿ, ಅಹಮದ್ ಘೈಲಾನಿಯನ್ನು ಗ್ವಾಂಟನಾಮೊದಿಂದ ನ್ಯೂಯಾರ್ಕಿನ ಸಾಮಾನ್ಯ ನ್ಯಾಯಾಲಯಕ್ಕೆ ತರಲಾಯಿತು. ಬಲಾತ್ಕಾರದ ವಿಚಾರಣೆಯಿಂದ ಪತ್ತೆಯಾದ ಮುಖ್ಯ ಸಾಕ್ಷಿಯನ್ನು ನ್ಯಾಯಾಧೀಶರು ಒಪ್ಪಲಿಲ್ಲ. 280ಕ್ಕೂ ಹೆಚ್ಚು ಆರೋಪಗಳಲ್ಲಿ ಒಂದೇ ರುಜುವಾತಾಯಿತು. ಆ ಒಂದಕ್ಕೇ 2011ರಲ್ಲಿ ಆಜೀವ ಕಾರಾವಾಸ ವಿಧಿಸಲಾಯಿತು. ನ್ಯಾಯಾಂಗವು ಸೋತಿತೆಂದು ಕೂಗಿದವರ ಮಾತು ನನಗೆ ಸಮ್ಮತವಲ್ಲ. ಆದರೂ ಅಮೆರಿಕದ ಕಾಂಗ್ರೆಸ್ಸು ಉಳಿದ ಕೈದಿಗಳನ್ನು ವಿಚಾರಣೆಗಾಗಿ ಕೂಡ ಒಳನಾಡಿಗೆ ಕರೆತರದಂತೆ ಹಣವನ್ನೇ ತಡೆಹಿಡಿಯಿತು. ಆ ನಿರ್ಬಂಧವು ತೊಲಗತಕ್ಕದ್ದು.