ಪಟ್ಟಿ ಕೇಳ್ಬೇಡಿ, ಗಿರಾಕಿಗಳನ್ನ ನೋಡಿ

ನಮ್ಮ ಕಾಲೇಜಿಂದ ಎಂ.ಎಸ್. ಮಾಡೋಕೆ ಅಂತ ವರ್ಷಕ್ಕೆ ಕೆಲವರಾದ್ರೂ ಮಿಲಾನ್, ಟ್ಯೂರಿನ್ ಕಡೆ ಹೊರಡ್ತಾರೆ. ಬಂದವರಿಗೆ ಮೊದಲ ರಜೆ ಸಿಕ್ಕ ತಕ್ಷಣ ವೆನಿಸ್ ನೋಡಲೇಬೇಕು. ಹೊರಡೋ ಹಿಂದಿನ ರಾತ್ರಿ ನಮ್ಮ ವಾಟ್ಸಾಪ್‌ಗೆ ಮೆಸೇಜ್ ಬರುತ್ತೆ: "ಅಣ್ಣಾ, ವೆನಿಸ್‌ನಲ್ಲಿ ಕಮ್ಮಿ ದುಡ್ಡಿಗೆ ಒಳ್ಳೆ ಊಟ ಎಲ್ಲಿ ಸಿಗುತ್ತೆ? ಒಂದು ಲಿಸ್ಟ್ ಕಳಿಸಿ ಪ್ಲೀಸ್."

ನಾವು ಲಿಸ್ಟ್ ಕಳಿಸಲ್ಲ. ಈ ಲೇಖನದಲ್ಲೂ ಒಂದೇ ಒಂದು ಹೋಟೆಲಿನ ಹೆಸರಿಲ್ಲ, ಬೇಕಂತಲೇ ಬಿಟ್ಟಿದ್ದೀವಿ. ಮಿಲಾನಿನಲ್ಲಿ ಓದ್ತಿರೋ ನಾವು ಮೂವರು ಸ್ಕಾಲರ್‌ಶಿಪ್ ದುಡ್ಡಲ್ಲೇ ಬೇರೆ ಬೇರೆ ಕಾಲದಲ್ಲಿ ಹಲವು ಸಲ ವೆನಿಸ್‌ಗೆ ಹೋಗಿ ಬಂದಿದ್ದೀವಿ. ಅಲ್ಲಿಂದ ನಮಗೆ ಗಟ್ಟಿಯಾದ ಅಭಿಪ್ರಾಯ ಏನಂದ್ರೆ, ಪಟ್ಟಿ ಹಿಡ್ಕೊಂಡು ಹೋದವರಿಗೆ ಒಳ್ಳೆ ಹೋಟೆಲ್ ಸಿಗೋದು ಕಷ್ಟ. ಸಿಕ್ಕರೂ ಆ ಪಟ್ಟಿಯೇ ಕೊನೆಗೆ ಆ ಹೋಟೆಲನ್ನ ಕೆಡಿಸುತ್ತೆ. ಅದರ ಬದಲು ಬಾಗಿಲಲ್ಲಿ ನಿಂತು ಕೇಳ್ಕೊಳ್ಳೋಕೆ ಒಂದು ಪ್ರಶ್ನೆ ಕೊಡ್ತೀವಿ: ಇವತ್ತು ಬಂದ ಗಿರಾಕಿ ನಾಳೆಯೂ ಬರಬೇಕು ಅನ್ನೋ ಚಿಂತೆ ಈ ಅಂಗಡಿಯವರಿಗೆ ಇದೆಯಾ?

ಒಂದೇ ಸಲದ ಆಟ

ಗೇಮ್ ಥಿಯರಿ ಎಲೆಕ್ಟಿವ್ ತಗೊಂಡವರಿಗೆ ಇದು ಗೊತ್ತಿರೋ ವಿಷಯ. ಒಂದೇ ಸಲ ಆಡಿ ಮುಗಿಸೋ ಆಟದಲ್ಲಿ ಎದುರಿನವರಿಗೆ ಮೋಸ ಮಾಡಿದ್ರೂ ನಷ್ಟ ಇಲ್ಲ. ಅದೇ ಜನರ ಜೊತೆ ದಿನಾ ಆಡೋ ಆಟದಲ್ಲಿ ಮೋಸ ಮಾಡಿದ್ರೆ ನಾಳೆ ಕೈಕೊಡುತ್ತೆ. ಕಾಲೇಜಿನ ಪಕ್ಕದ ಟೀ ಅಂಗಡಿಯವರು ಟೀಗೆ ನೀರು ಬೆರೆಸಿದ್ರೆ ಎರಡೇ ದಿನಕ್ಕೆ ಇಡೀ ಹಾಸ್ಟೆಲ್ ಪಕ್ಕದ ಅಂಗಡಿಗೆ ಹೋಗುತ್ತೆ. ಆದ್ರೆ ಬೆಳಗ್ಗೆ ಬಂದು ಸಂಜೆ ಟ್ರೈನ್ ಹಿಡಿಯೋ ಪ್ರವಾಸಿ ಮತ್ತೆ ಬರೋದು ಯಾವಾಗ? ಅವನಿಗೆ ನಿನ್ನೆಯ ಪಾಸ್ತಾ ಬಿಸಿ ಮಾಡಿ ಕೊಟ್ಟರೂ, ಕೊಡದೆ ಇದ್ದರೂ ವ್ಯಾಪಾರಕ್ಕೆ ವ್ಯತ್ಯಾಸ ಆಗಲ್ಲ.

ವೆನಿಸ್‌ನಲ್ಲಿ ಇದು ಯಾಕೆ ಇಷ್ಟು ಜೋರಾಗಿ ಕಾಣುತ್ತೆ ಅನ್ನೋದಕ್ಕೆ ಎರಡು ಸಂಖ್ಯೆ ಸಾಕು. ದ್ವೀಪಗಳ ಮೇಲಿರೋ ಹಳೇ ಊರಿನಲ್ಲಿ 1951ರ ಹೊತ್ತಿಗೆ ಸುಮಾರು 1,75,000 ಜನ ವಾಸ ಇದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳೀತು. ರಿಯಾಲ್ಟೊ ಸೇತುವೆ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ ಊರಿನ ಜನಸಂಖ್ಯೆ ತೋರಿಸೋ ಬೋರ್ಡ್ 2008ರಿಂದ ಇದೆ. ವರ್ಷದಿಂದ ವರ್ಷಕ್ಕೆ ಅದರಲ್ಲಿ ಅಂಕಿ ಇಳೀತಾನೇ ಬಂದಿದೆ. ಇನ್ನೊಂದು ಕಡೆ ಪ್ರತಿದಿನ ಹತ್ತಾರು ಸಾವಿರ ಪ್ರವಾಸಿಗರು ಇಳೀತಾರೆ. ಅಂದ್ರೆ ನಾಳೆ ಬರೋ ಗಿರಾಕಿ ಕಮ್ಮಿ, ನಾಳೆ ಬರದೇ ಇರೋ ಗಿರಾಕಿ ಲೆಕ್ಕವಿಲ್ಲದಷ್ಟು.

ಇದರ ಅತಿರೇಕ 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯ್ತು. ಬೊಲೋನ್ಯದಲ್ಲಿ ಓದ್ತಿದ್ದ ನಾಲ್ವರು ಜಪಾನಿ ವಿದ್ಯಾರ್ಥಿಗಳಿಗೆ ಸಾನ್ ಮಾರ್ಕೊ ಹತ್ತಿರದ ಒಂದು ಹೋಟೆಲಿನಲ್ಲಿ ಸ್ಟೇಕ್, ಕರಿದ ಮೀನು, ನೀರಿಗೆ 1,100 ಯೂರೋಗೂ ಹೆಚ್ಚು ಬಿಲ್ ಬಂತು. ಅವರು ದೂರು ಕೊಟ್ಟರು, ಹೋಟೆಲಿಗೆ ದಂಡ ಬಿತ್ತು. ಎಲ್ಲರಿಗೂ ಹೀಗಾಗಲ್ಲ, ನಿಜ. ಆದ್ರೆ ಸಣ್ಣ ಪ್ರಮಾಣದಲ್ಲಿ ಇದೇ ಲೆಕ್ಕಾಚಾರ ಆ ಬೀದಿಗಳಲ್ಲಿ ದಿನಾ ನಡೆಯುತ್ತೆ.

ಸ್ಟಾರ್ ನೋಡಿ ಹೋಗೋದು ಯಾಕೆ ಸಾಕಾಗಲ್ಲ

"ರೇಟಿಂಗ್ ಇದೆಯಲ್ಲ, 4.7 ಇದೆ, ನಾಲ್ಕು ಸಾವಿರ ರಿವ್ಯೂ ಇದೆ" ಅಂತೀರಿ. ಸರಿ, ಆ ನಾಲ್ಕು ಸಾವಿರ ಜನ ಯಾರು? ಹೆಚ್ಚಿನವರು ನಿಮ್ಮ ಹಾಗೇ ಒಂದು ದಿನಕ್ಕೆ ಬಂದವರು. ಕಾಲುವೆ ಪಕ್ಕ ಟೇಬಲ್, ಒಳ್ಳೆ ಫೋಟೋ, ಜೊತೆಗೆ ಇಷ್ಟದವರು. ಪಾಸ್ತಾ ಹೇಗಿದ್ದರೂ ಐದು ಸ್ಟಾರ್ ಬೀಳುತ್ತೆ. ದಿನಾ ತಿನ್ನೋ ಪಕ್ಕದ ಮನೆಯ ಅಜ್ಜ ರಿವ್ಯೂ ಬರೆಯೋಕೆ ಹೋಗಲ್ಲ. ನಾವು ಸ್ಯಾಂಪ್ಲಿಂಗ್ ಬಯಾಸ್ ಅಂತ ಪರೀಕ್ಷೆಲಿ ಬರೆದು ಬಂದಿದ್ದು ಇದನ್ನೇ ಅಲ್ವಾ?

ಇನ್ನು ಸುಳ್ಳು ರಿವ್ಯೂ ಕಥೆ ಬೇರೆ. 2015ರಲ್ಲಿ ಇಟಲಿಯ ಒಂದು ಆಹಾರ ಪತ್ರಿಕೆಯವರು ಗಾರ್ಡಾ ಸರೋವರದ ದಡದ ಮೊನೀಗ ಅನ್ನೋ ಊರಲ್ಲಿ ಇಲ್ಲದೇ ಇರೋ ಹೋಟೆಲಿಗೆ ಪೇಜ್ ಮಾಡಿ, ತಾವೇ ರಿವ್ಯೂ ಹಾಕ್ತಾ ಹೋದರು. ಆ ಹೋಟೆಲ್ ಆ ಊರಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಅಡುಗೆಮನೆಯೇ ಇಲ್ಲದ ಹೋಟೆಲ್!

ಬಾಗಿಲಲ್ಲೇ ಓದಿಕೊಳ್ಳಿ

ಹಾಗಾದ್ರೆ ಏನು ನೋಡ್ಬೇಕು? ಇಟಲಿಯಲ್ಲಿ ಬೆಲೆಪಟ್ಟಿಯನ್ನ ಹೊರಗೆ ಹಾಕಿರ್ತಾರೆ. ಒಳಗೆ ಹೋಗೋ ಮುಂಚೆ ಎರಡು ನಿಮಿಷ ಅದನ್ನ ಓದಿ.

ಮೊದಲು ಉದ್ದ ನೋಡಿ. ರೋಮಿನ ಕಾರ್ಬೊನಾರ, ಬೊಲೋನ್ಯದ ಲಸಾನ್ಯ, ನೇಪಲ್ಸಿನ ಪಿಜ್ಜಾ ಎಲ್ಲ ಆರು ಭಾಷೆಯಲ್ಲಿ, ಫೋಟೋ ಸಮೇತ ಇದ್ರೆ ಅದು ವೆನಿಸಿನವರಿಗೆ ಮಾಡಿದ ಊಟ ಅಲ್ಲ. ವೆನಿಸಿನವರು ತಿನ್ನೋದು ಈರುಳ್ಳಿ, ಆಂಚೊವಿ ಮೀನಿನ ಸಾಸ್ ಹಾಕಿದ ಬೀಗೊಲಿ, ಹುಳಿ-ಸಿಹಿ ಈರುಳ್ಳಿಯಲ್ಲಿ ನೆನೆಸಿಟ್ಟ ಸಾರ್ಡೀನ್, ಪೊಲೆಂತ. ವಸಂತದಲ್ಲಿ ಪಕ್ಕದ ಸಾಂತ್ ಎರಾಸ್ಮೊ ದ್ವೀಪದ ಎಳೇ ಆರ್ಟಿಚೋಕ್, ಚಳಿಗಾಲದಲ್ಲಿ ತ್ರೆವೀಸೊದ ಕೆಂಪು ರಾದಿಕ್ಕಿಯೊ ಸೊಪ್ಪು. ಪಟ್ಟಿ ಚಿಕ್ಕದಾಗಿ, ಕೈಯಲ್ಲಿ ಬರೆದದ್ದಾಗಿ, ಕಾಲಕ್ಕೆ ತಕ್ಕ ಹಾಗೆ ಬದಲಾಗ್ತಿದ್ರೆ ಒಳ್ಳೆ ಲಕ್ಷಣ.

ಆಮೇಲೆ ಸಣ್ಣ ಅಕ್ಷರ. ಹೆಸರಿನ ಪಕ್ಕ ನಕ್ಷತ್ರದ ಗುರುತು ಇದ್ರೆ ಸಾಮಾನ್ಯವಾಗಿ ಅದು ಫ್ರೋಜನ್ ಸಾಮಾನು ಅಂತ. ಹಾಗೆ ತಿಳಿಸಲೇಬೇಕು ಅಂತ ಅಲ್ಲಿ ನಿಯಮ ಇದೆ. ಮೀನಿನ ಬೆಲೆ ಪಕ್ಕ "ಎತ್ತೊ" ಅನ್ನೋ ಪದ ಕಂಡ್ರೆ ಹುಷಾರು, ಒಂದು ಎತ್ತೊ ಅಂದ್ರೆ 100 ಗ್ರಾಂ. 8 ಯೂರೋ ಅಂತ ಖುಷಿಯಾಗಿ ಆರ್ಡರ್ ಮಾಡಿದ ಮೀನು 600 ಗ್ರಾಂ ತೂಗಿದ್ರೆ ಬಿಲ್ 48 ಯೂರೋ. "ಕೊಪೆರ್ತೊ" ಅಂದ್ರೆ ಕೂತಿದ್ದಕ್ಕೆ ತಲೆಗೆ ಇಷ್ಟು ಅಂತ ಹಾಕೋ ಚಾರ್ಜು, ಸಾಮಾನ್ಯವಾಗಿ ಎರಡು-ಮೂರು ಯೂರೋ. ಅದು ಮೋಸ ಅಲ್ಲ, ಊರಿನವರೂ ಕೊಡ್ತಾರೆ; ಆದ್ರೆ ಪಟ್ಟಿಯಲ್ಲಿ ಬರೆದಿರಬೇಕು.

ಮೂರನೆಯದು ಸಮಯ. ಇಟಲಿಯವರ ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿಯದು ಏಳೂವರೆ ಮೇಲೆ. ಸಂಜೆ ನಾಲ್ಕಕ್ಕೆ ಪೂರ್ತಿ ಊಟ ಹಾಕ್ತೀವಿ ಅಂತ ಬಾಗಿಲಲ್ಲಿ ನಿಂತು ಕರೆಯೋರು ಯಾರಿಗೋಸ್ಕರ ಕಾಯ್ತಿದ್ದಾರೆ ಅಂತ ನೀವೇ ಯೋಚಿಸಿ. ರಿಯಾಲ್ಟೊ ಮೀನು ಮಾರ್ಕೆಟ್ಟಿಗೆ ಭಾನುವಾರ, ಸೋಮವಾರ ರಜೆ. ಹಾಗಾಗಿ ಸೋಮವಾರ ಬಾಗಿಲು ಹಾಕೋ ಮೀನಿನ ಹೋಟೆಲ್ ಮೇಲೆ ನಮಗೆ ಗೌರವ ಜಾಸ್ತಿ.

ನಾಲ್ಕನೆಯದು ಜಾಗ. ಊರಲ್ಲೆಲ್ಲ "ರಿಯಾಲ್ಟೊಗೆ", "ಸಾನ್ ಮಾರ್ಕೊಗೆ" ಅಂತ ಹಳದಿ ಬೋರ್ಡು ಕಾಣುತ್ತೆ. ಜನಪ್ರವಾಹ ಹರಿಯೋದು ಅದರ ಹಿಂದೆ. ಅಲ್ಲಿಂದ ಎರಡು ಸೇತುವೆ ದಾಟಿ ಪಕ್ಕಕ್ಕೆ ಸರೀರಿ. ಉತ್ತರಕ್ಕೆ ಕನ್ನರೇಜೊ ಬಡಾವಣೆಯ ಮಿಸೆರಿಕೊರ್ದಿಯ, ಒರ್ಮೆಸೀನಿ ಕಾಲುವೆ ದಂಡೆಗಳು, ಪೂರ್ವಕ್ಕೆ ಕಾಸ್ತೆಲ್ಲೊದ ಗರಿಬಾಲ್ದಿ ಬೀದಿ, ಯೂನಿವರ್ಸಿಟಿ ಹುಡುಗರು ಸೇರೋ ಸಾಂತ ಮಾರ್ಗರೀತ ಚೌಕ. ತಲೆ ಮೇಲೆ ಬಟ್ಟೆ ಒಣಗಿ ಹಾಕಿದ್ದಾರಾ? ಮಕ್ಕಳು ಚೆಂಡಾಡ್ತಿದ್ದಾರಾ? ಹತ್ತಿರದಲ್ಲಿ ತರಕಾರಿ ಅಂಗಡಿ ಇದೆಯಾ? ಇದ್ರೆ ಅಲ್ಲೇ ಹುಡುಕಿ.

ನಿಂತು ತಿನ್ನೋ ಸುಖ

ವಿದ್ಯಾರ್ಥಿಗಳ ಜೇಬಿಗೆ ವೆನಿಸ್‌ನಲ್ಲಿ ಹೊಂದೋದು ಬಾಕಾರೊ. ಚಿಕ್ಕ ವೈನ್ ಅಂಗಡಿ, ಗಾಜಿನ ಕಪಾಟಿನಲ್ಲಿ ಚಿಕ್ಕೆತ್ತಿ ಅನ್ನೋ ಪುಟ್ಟ ತಿಂಡಿಗಳು. ಬ್ರೆಡ್ ತುಂಡಿನ ಮೇಲೆ ಬೆಣ್ಣೆ ಥರ ಕಡೆದ ಒಣಮೀನು, ಬೇಯಿಸಿದ ಅರ್ಧ ಮೊಟ್ಟೆ, ಆರ್ಟಿಚೋಕಿನ ಬುಡ, ಚೀಸ್ ಜೊತೆ ವಾಲ್‌ನಟ್. ಒಂದಕ್ಕೆ ಸುಮಾರು ಒಂದೂವರೆಯಿಂದ ಮೂರು ಯೂರೋ. ನಮ್ಮ ದರ್ಶಿನಿ ಥರ ನಿಂತೇ ತಿನ್ನೋದು, ಕೂರೋಕೆ ಜಾಗ ಇದ್ದರೆ ಅದೃಷ್ಟ. ಐದು ಚಿಕ್ಕೆತ್ತಿ ತಿಂದ್ರೆ ಹೊಟ್ಟೆ ತುಂಬುತ್ತೆ, ಹತ್ತು-ಹನ್ನೆರಡು ಯೂರೋದಲ್ಲಿ ಮುಗಿಯುತ್ತೆ. ಚಿಕ್ಕ ಲೋಟದ ವೈನಿಗೆ ಅಲ್ಲಿ "ಓಂಬ್ರ", ಅಂದ್ರೆ ನೆರಳು, ಅಂತಾರೆ. ಕುಡಿಯದವರು ನೀರು ಕೇಳಿದ್ರೆ ಯಾರೂ ಮುಖ ಸಿಂಡರಿಸಲ್ಲ. ಊರ ತುಂಬ ಸಾರ್ವಜನಿಕ ನಲ್ಲಿಗಳಿವೆ, ನೀರು ಚೆನ್ನಾಗಿದೆ, ಬಾಟಲಿ ಜೊತೆಗಿರಲಿ. ಕಾಫಿ ಕೂಡ ಕೌಂಟರಿನಲ್ಲಿ ನಿಂತೇ ಕುಡೀರಿ. ಅದೇ ಕಾಫಿಗೆ ಸಾನ್ ಮಾರ್ಕೊ ಚೌಕದ ಟೇಬಲ್ಲಿನಲ್ಲಿ ಹಲವು ಪಟ್ಟು ಬೆಲೆ, ವಾದ್ಯಗೋಷ್ಠಿ ನುಡಿಸ್ತಿದ್ರೆ ಸಂಗೀತಕ್ಕೆ ಬೇರೆ ಚಾರ್ಜು.

ಸಸ್ಯಾಹಾರಿಗಳಿಗೆ ಒಂದು ಮಾತು. "ಮಾಂಸ ಇಲ್ಲದೆ" ಅಂತ ಮಾತ್ರ ಹೇಳಿದ್ರೆ ಮೀನು ಬರಬಹುದು. "ಸೆಂತ್ಸ ಕಾರ್ನೆ, ಸೆಂತ್ಸ ಪೆಷ್ಷೆ" ಅಂತ ಎರಡನ್ನೂ ಹೇಳಿ. ಪಾರ್ಮೆಸಾನ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ ಅನ್ನೋದೂ ಗೊತ್ತಿರಲಿ. ತಿನ್ನೋದು ಬಿಡೋದು ನಿಮಗೆ ಬಿಟ್ಟಿದ್ದು.

ಹಾಗಂತ ಅತಿ ಅಗ್ಗ ಹುಡುಕಬೇಡಿ. ವೆನಿಸಿಗೆ ಒಂದು ಟೊಮೆಟೊ ಬರಬೇಕಾದ್ರೂ ದೋಣಿಯಲ್ಲಿ ಬಂದು, ಕೈಗಾಡಿಯಲ್ಲಿ ಸೇತುವೆ ಮೆಟ್ಟಿಲು ಹತ್ತಿ ಇಳಿದು ಬರಬೇಕು. ಆ ಖರ್ಚು ಬೆಲೆಯಲ್ಲಿ ಇದ್ದೇ ಇರುತ್ತೆ. ಇಷ್ಟೆಲ್ಲ ಇದ್ದೂ ಸಮುದ್ರದ ಊಟ ಪೂರ್ತಿ ಒಂಬತ್ತು ಯೂರೋಗೆ ಸಿಗ್ತಿದೆ ಅಂದ್ರೆ ಎಲ್ಲೋ ಏನೋ ಕಡಿಮೆ ಮಾಡಿದ್ದಾರೆ. ಕೂತು ಪೂರ್ತಿ ಊಟ ಮಾಡಬೇಕು, ದುಡ್ಡೂ ಉಳಿಯಬೇಕು ಅಂದ್ರೆ ಟ್ರೈನಿನಲ್ಲಿ ಹತ್ತು-ಹನ್ನೆರಡು ನಿಮಿಷದ ಮೆಸ್ತ್ರೆಗೆ ಹೋಗಿ. ದ್ವೀಪ ಬಿಟ್ಟ ಎಷ್ಟೋ ವೆನಿಸಿನವರು ಈಗ ಇರೋದು ಅಲ್ಲೇ. ಕೆಲಸಕ್ಕೆ ಹೋಗೋವರಿಗೆ ಅಂತ ಮಧ್ಯಾಹ್ನ ಒಂದೇ ದರದ ಊಟ ಹಾಕೋ ಹೋಟೆಲುಗಳಿವೆ. ದಿನಾ ಅದೇ ಮುಖಗಳು ಬರೋದರಿಂದ ಅಡುಗೆಯವರು ತಪ್ಪಿಸ್ಕೊಳ್ಳೋಕೆ ಆಗಲ್ಲ.

ಊಟದ ಆಚೆಗೆ

ಇದಕ್ಕೆ ಒಂದು ಎದುರುವಾದ ಇದೆ: "ಪ್ರವಾಸಿಗರಿಂದಲೇ ಆ ಊರು ಬದುಕಿದೆ, ನೀವು ಎಲ್ಲಿ ತಿಂದ್ರೇನು?" ಅಂತ. ದುಡ್ಡು ಪ್ರವಾಸದಿಂದ ಬರೋದು ನಿಜ. ಆದ್ರೆ ಮನೆಗಳು ಬಾಡಿಗೆ ರೂಮುಗಳಾಗ್ತಾ, ಬೇಕರಿ ಜಾಗಕ್ಕೆ ಮುಖವಾಡದ ಅಂಗಡಿ ಬರ್ತಾ ಹೋದ್ರೆ ದಿನದ ಗಿರಾಕಿಯೇ ಇರಲ್ಲ. ದಿನದ ಗಿರಾಕಿ ಇಲ್ಲದ ಕಡೆ ಒಳ್ಳೆ ಅಗ್ಗದ ಊಟ ಹುಟ್ಟೋದಿಲ್ಲ, ಅದನ್ನ ಹುಡುಕ್ಕೊಂಡು ಹೋದ ನಮಗೂ ಸಿಗಲ್ಲ. 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಲ್ಲಿ ಬಂದು ಹೋಗೋ ಪ್ರವಾಸಿಗರಿಗೆ ವೆನಿಸ್ 5 ಯೂರೋ ಪ್ರವೇಶ ಶುಲ್ಕ ಹಾಕಿತು. ರಾತ್ರಿ ಉಳಿಯೋವರಿಗೆ ಅದಿಲ್ಲ. ಶುಲ್ಕದಿಂದ ಜನಸಂದಣಿ ಕಡಿಮೆಯಾಗುತ್ತೆ ಅಂತ ನಮಗನ್ನಿಸಲ್ಲ. ನಾವು ದುಡ್ಡು ಯಾರ ಕೈಗೆ ಕೊಡ್ತೀವಿ ಅನ್ನೋದು ಅದಕ್ಕಿಂತ ಹೆಚ್ಚಿನ ಮಾತು.

ಪಟ್ಟಿ ಕೊಡಲ್ಲ ಅಂದಿದ್ದು ಇದಕ್ಕೇ. ಹತ್ತು ಜನ ನಿಲ್ಲೋ ಬಾಕಾರೊದ ಲೊಕೇಶನ್ ಹಾಕಿ ರೀಲ್ ಮಾಡಿದ್ರೆ, ಮುಂದಿನ ತಿಂಗಳು ಬಾಗಿಲಲ್ಲಿ ನಲವತ್ತು ಜನ ಕ್ಯೂ. ದಿನಾ ಆರಕ್ಕೆ ಬರ್ತಿದ್ದ ಅಜ್ಜನಿಗೆ ನಿಲ್ಲೋಕೆ ಜಾಗ ಇಲ್ಲ, ಅವರು ಬರೋದು ಬಿಡ್ತಾರೆ. ಅಲ್ಲಿಗೆ ಅಂಗಡಿಯವರಿಗೂ ಒಂದೇ ಸಲದ ಆಟ ಶುರುವಾಗುತ್ತೆ.

ಹಾಗಾಗಿ ನಮ್ಮ ಸಲಹೆ ಇಷ್ಟೇ. ಮೂರು ದಿನಕ್ಕೆ ಆರು ಹೋಟೆಲ್ ಅಂತ ಪ್ಲಾನ್ ಮಾಡಬೇಡಿ, ಎರಡು ಹುಡುಕಿ. "ಬೊನ್ ಜೋರ್ನೊ" ಹೇಳಿ ಒಳಗೆ ಹೋಗಿ, ತಿಂದು, ಇಷ್ಟ ಆದ್ರೆ ಮಾರನೇ ದಿನ ಅದೇ ಹೊತ್ತಿಗೆ ಅಲ್ಲಿಗೇ ಹೋಗಿ. ನೀವು ಮತ್ತೆ ಬರ್ತೀರಿ ಅಂತ ಗೊತ್ತಾದ ಮೇಲೆ ಕೌಂಟರಿನವರು "ಅದು ಬೇಡ, ಇದು ಈಗಷ್ಟೇ ಆಯ್ತು, ಇದನ್ನ ತಗೊಳ್ಳಿ" ಅಂತಾರೆ. ಆ ಒಂದು ಮಾತು ಯಾವ ಲಿಸ್ಟಿನಲ್ಲೂ ಸಿಗಲ್ಲ.